ಎದೂಆರ್ ಲ್ಯೂಕಾ

ಮೂರು ಕಂಬಗಳು, ಒಂದರಲ್ಲಿ ದೊಡ್ಡದರ ಮೇಲೆ ಚಿಕ್ಕದರಂತೆ ಪೇರಿಸಿದ ಎಂಟು ಬಿಲ್ಲೆಗಳು. ಸಲಕ್ಕೊಂದರಂತೆ, ಚಿಕ್ಕದರ ಮೇಲೆ ದೊಡ್ಡದನ್ನಿಡದೆ, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಹನಾಯ್ ಗೋಪುರವೆಂಬ ಈ ಆಟವನ್ನು ನಮ್ಮಲ್ಲಿ ಅನೇಕರು ಬಲ್ಲರು. 1883ರಲ್ಲಿ ಇದನ್ನು ಹೊರತಂದವನು ಸಯಾಮಿನ ಕ್ಲಾಸ್ ಎಂಬ ಹೆಸರನ್ನಿಟ್ಟುಕೊಂಡಿದ್ದನು. ರೋಮನ್ ಲಿಪಿಯಲ್ಲಿ ಆ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಅಮಿಯೆನ್ ಊರಿನ ಲ್ಯೂಕಾ ಹೊರಬೀಳುತ್ತಾನೆ. ಆಟಕ್ಕೆ ಬೇಕಾದ ನಡೆಗಳು 255. ಎಂದರೆ 2ರ 8ನೆಯ ಘಾತಕ್ಕೆ ಒಂದು ಕಡಮೆ. ಈ ಅಚ್ಚಿನ ಸಂಖ್ಯೆಗಳೇ ಲ್ಯೂಕಾನ ಹೆಸರನ್ನು ಉಳಿಸಿದುವು.

ಫ್ರಾನ್ಸಿನ ಅಮಿಯೆನ್‌ನಲ್ಲಿ 1842ರಲ್ಲಿ ಹುಟ್ಟಿದ ಈತ ಪ್ಯಾರಿಸ್ಸಿನಲ್ಲಿ ಓದಿ, ಅಲ್ಲಿಯ ವೀಕ್ಷಣಾಲಯದಲ್ಲಿ ಕೆಲಸಮಾಡಿ, 1870ರ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದನು. ಆಮೇಲೆ ಕೊನೆಯವರೆಗೂ ಶಾಲಾ ಅಧ್ಯಾಪಕನೇ.

1644ರಲ್ಲಿ ಮೆರ್ಸೆನ್ ಎಂಬ ಸಂನ್ಯಾಸಿಯು ಈ ಬಗೆಯ ಕೆಲವು ಸಂಖ್ಯೆಗಳು ಅವಿಭಾಜ್ಯವೆಂದು ಪಟ್ಟಿ ಕೊಟ್ಟಿದ್ದನು; ಸಾಧನೆ ಕೊಟ್ಟಿರಲಿಲ್ಲ. ಅದರಲ್ಲಿ 2ರ 127ನೆಯ ಘಾತಕ್ಕೆ ಒಂದು ಕಡಮೆಯಾದ ಸಂಖ್ಯೆಯೂ ಇತ್ತು: 170141183460469231731687303715884105727. ಮೂವತ್ತೊಂಬತ್ತು ಅಂಕಿಗಳು. ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡುವೆನೆಂದು ಹೊರಟರೆ ಆಯುಷ್ಯ ಸಾಲದು. ಲ್ಯೂಕಾ ಭಾಗಿಸಲು ಹೋಗಲೇ ಇಲ್ಲ. ಆತನ ಮಾರ್ಗವನ್ನು 1930ರಲ್ಲಿ ಲೆಹ್ಮರ್ ಸರಳಗೊಳಿಸಿದ ರೂಪ ಹೀಗಿದೆ: 4ರಿಂದ ಆರಂಭಿಸಿ, ವರ್ಗಮಾಡಿ 2 ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಮಾತ್ರ ಇಟ್ಟುಕೊಂಡು, ಮತ್ತೆ ಅದನ್ನೇ ಮಾಡುವುದು. ಘಾತಕ್ಕಿಂತ ಎರಡು ಕಡಮೆ ಸಲ ಹೀಗೆ ಮಾಡಿದಾಗ ಸೊನ್ನೆ ಉಳಿದರೆ ಸಂಖ್ಯೆ ಅವಿಭಾಜ್ಯ.

2ರ 7ನೆಯ ಘಾತಕ್ಕೆ ಒಂದು ಕಡಮೆಯಾದ 127ನ್ನು ನಾನೇ ಪರೀಕ್ಷಿಸಿದೆ: 4, 14, 67, 42, 111, 0. ಐದೇ ಹೆಜ್ಜೆ, ಅದರಲ್ಲಿಯೂ ಒಮ್ಮೆ ತಪ್ಪಿ ಮೊದಲಿನಿಂದ ಮಾಡಬೇಕಾಯಿತು. ಲ್ಯೂಕಾನಾದರೋ ಮೂವತ್ತೆಂಟು ಮೂವತ್ತೊಂಬತ್ತು ಅಂಕಿಗಳ ವರ್ಗಗಳನ್ನು ನೂರಕ್ಕೂ ಮಿಕ್ಕಿ ಬಾರಿ ಕೈಯಿಂದಲೇ ಮಾಡಬೇಕಿತ್ತು! 1876ರಲ್ಲಿ ಸಂಖ್ಯೆ ಅವಿಭಾಜ್ಯವೆಂದು ಸಾರಿದನು. ಎಪ್ಪತ್ತೈದು ವರ್ಷ, 1951ರವರೆಗೆ, ಅದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಯಾರೂ ತೋರಿಸಲಿಲ್ಲ.

ಅದೇ ವರ್ಷ ಪಟ್ಟಿಯ ಇನ್ನೊಂದು ಸಂಖ್ಯೆ, 67ನೆಯ ಘಾತದ್ದು, ಅವಿಭಾಜ್ಯವಲ್ಲವೆಂದೂ ತೋರಿಸಿದನು. ಅದರ ಅಪವರ್ತನಗಳಾವುವು? ಅದನ್ನು ಆತನ ಮಾರ್ಗ ಹೇಳುವುದಿಲ್ಲ. ಅಮೆರಿಕದ ಕೋಲ್ 1903ರಲ್ಲಿ ಅವನ್ನು ಕೊಟ್ಟನು: 193707721 ಮತ್ತು 761838257287. ಮನೆಯೊಳಗೆ ಯಾರಿದ್ದಾರೆಂದು ಕಾಣದೆಯೇ ಮನೆ ಬರಿದಲ್ಲವೆಂದು ಹೇಳಿದಂತಹ ಈ ಮಾತು ನನಗೆ 127ರ ಸಾಧನೆಗಿಂತಲೂ ಹೆಚ್ಚಿನ ಸೋಜಿಗವೆನಿಸುತ್ತದೆ. 2024ರಲ್ಲಿ ಗಣಕಯಂತ್ರಗಳು ಕಂಡುಹಿಡಿದ, ನಾಲ್ಕು ಕೋಟಿಗೂ ಮೀರಿದ ಅಂಕಿಗಳ ಅವಿಭಾಜ್ಯವನ್ನು ಸ್ಥಿರಪಡಿಸಿದ್ದೂ ಲ್ಯೂಕಾ–ಲೆಹ್ಮರ್ ಪರೀಕ್ಷೆಯಿಂದಲೇ.

1891ರಲ್ಲಿ ಮಾರ್ಸೇಲ್ಸ್ ನಗರದ ವಿಜ್ಞಾನ ಸಮ್ಮೇಳನದ ಔತಣದಲ್ಲಿ ಬಡಿಸುವವನ ಕೈಯಿಂದ ತಟ್ಟೆಗಳು ಜಾರಿ ಬಿದ್ದು, ಒಡೆದ ಚೂರೊಂದು ಲ್ಯೂಕಾನ ಕೆನ್ನೆಗೆ ತಗಲಿತು. ಗಾಯಕ್ಕೆ ನಂಜೇರಿ ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು, ತೀರಿಕೊಂಡನು. ವಯಸ್ಸು ನಲವತ್ತೊಂಬತ್ತು. ಸಂಖ್ಯಾಸಿದ್ಧಾಂತವನ್ನು ಕುರಿತ ಆತನ ದೊಡ್ಡ ಗ್ರಂಥದ ಮೊದಲ ಸಂಪುಟ ಅದೇ ವರ್ಷ ಅಚ್ಚಾಗಿತ್ತು, ಎರಡನೆಯದು ಬರಲಿಲ್ಲ.