ಬಿಡುವು ಮಾಡಿಕೊಂಡ ಡಾಕ್ಟರ್ ಆಲ್ಬರ್ಟ್ ಷ್ವೈಟ್ಜರ್

ಈ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಗಣಿತ ಹೇಳಿಕೊಟ್ಟೆ. ಸಂಜೆ ಐದರ ಬಸ್ಸಿಗೆ ಓಡುತ್ತಿದ್ದ ಮೇಷ್ಟ್ರು ಎಂದರೆ ಹಳೆಯ ವಿದ್ಯಾರ್ಥಿಗಳಿಗೆ ನೆನಪಾಗಬಹುದು. ಒಂದು ವರ್ಷ ಹತ್ತನೆಯ ತರಗತಿಯ ನಾಲ್ಕೈದು ಹುಡುಗರು ಬಂದು, ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಲೆಕ್ಕ ಹೇಳಿಕೊಡಿ ಸಾರ್ ಎಂದು ಕೇಳಿದರು. ಬಿಡುವಿಲ್ಲಪ್ಪ ಎಂದುಬಿಟ್ಟೆ. ಆ ಸಲ ಅವರಲ್ಲೊಬ್ಬ ಗಣಿತದಲ್ಲಿ ಫೇಲಾಗಿ, ಬೆಂಗಳೂರಿಗೆ ಹೋಟೆಲ್ ಕೆಲಸಕ್ಕೆ ಹೋದ. ಅದೇ ಬೇಸಿಗೆ ರಜೆಯಲ್ಲಿ ಶಾಲೆಯ ಲೈಬ್ರರಿಯ ಪುಸ್ತಕಗಳನ್ನು ಲೆಕ್ಕ ಹಾಕುತ್ತಿದ್ದಾಗ ಆಲ್ಬರ್ಟ್ ಷ್ವೈಟ್ಜರ್ ಅವರ ಜೀವನಚರಿತ್ರೆ ಕೈಗೆ ಸಿಕ್ಕಿತು. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ನನಗೆ ಅವರದೇ ನೆನಪಾಯಿತು.

ಷ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಅಲ್ಸೇಸ್ ಪ್ರಾಂತ್ಯದಲ್ಲಿ. ಆಗ ಅದು ಜರ್ಮನಿಯ ವಶದಲ್ಲಿತ್ತು, ಈಗ ಫ್ರಾನ್ಸಿನಲ್ಲಿದೆ. ಬೆಳೆದದ್ದು ಗ್ಯುನ್ಸ್‌ಬಾಖ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಒಮ್ಮೆ ಕುಸ್ತಿಯಾಟದಲ್ಲಿ ಆಲ್ಬರ್ಟ್ ತನಗಿಂತ ದೊಡ್ಡ ಹುಡುಗನನ್ನು ಕೆಡವಿದ. ಸೋತವನು, ನಿನ್ನ ಹಾಗೆ ನನಗೂ ವಾರಕ್ಕೆರಡು ಸಲ ಮಾಂಸದ ಸಾರು ಸಿಕ್ಕಿದ್ದರೆ ನಾನೂ ಗೆಲ್ಲುತ್ತಿದ್ದೆ ಎಂದ. ಆ ಮಾತು ಆಲ್ಬರ್ಟನ ಮನಸ್ಸಿಗೆ ನಾಟಿತು. ಬೇರೆ ಹುಡುಗರಿಗೆ ಇಲ್ಲದ ಕೋಟು ನನಗೂ ಬೇಡ ಎಂದು ಹಟ ಹಿಡಿದು ಮನೆಯಲ್ಲಿ ಬೈಸಿಕೊಂಡ.

ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1896ರಲ್ಲಿ, ಅವರು ಒಂದು ತೀರ್ಮಾನ ಮಾಡಿದರು. ಮೂವತ್ತು ವರ್ಷ ತುಂಬುವವರೆಗೆ ಓದು, ಸಂಗೀತ, ಉಪದೇಶ. ಆಮೇಲೆ ನೇರವಾಗಿ ಜನರ ಸೇವೆ. ಆಗ ಅವರಿಗೆ 21 ವರ್ಷ. ತನಗೆ ಸಿಕ್ಕ ಸುಖವನ್ನು ಸುಮ್ಮನೆ ಅನುಭವಿಸುವುದು ಸರಿಯಲ್ಲ, ಯೇಸು ಕಲಿಸಿದ್ದನ್ನು ಬಾಯಲ್ಲಿ ಹೇಳಿದರೆ ಸಾಲದು ಎಂಬುದು ಅವರ ಮನಸ್ಸಿನಲ್ಲಿತ್ತು.

ಹಾಗೆಂದು ಮೂವತ್ತರವರೆಗೆ ಕೈಕಟ್ಟಿ ಕೂರಲಿಲ್ಲ. ಗೆಳೆಯರೊಂದಿಗೆ ಸೇರಿ, ತಮ್ಮ ಪಾಲಿಗೆ ಬಂದ ಬಡ ಕುಟುಂಬಗಳ ಮನೆಗೆ ವಾರವಾರ ಹೋಗಿ ಕಷ್ಟಸುಖ ವಿಚಾರಿಸುತ್ತಿದ್ದರು. ಅದಕ್ಕಾಗಿ ಉಳ್ಳವರ ಬಾಗಿಲಿಗೆ ಹೋಗಿ ಚಂದಾ ಎತ್ತುತ್ತಿದ್ದರು. ಸಂಕೋಚದ ಸ್ವಭಾವದ ಅವರಿಗೆ ಕೈಚಾಚುವುದು ಸುಲಭವಾಗಿರಲಿಲ್ಲ. ಅನಾಥ ಮಕ್ಕಳನ್ನು ಸಾಕುತ್ತೇನೆಂದು ಮುಂದೆ ಬಂದಾಗ ಸಂಸ್ಥೆಗಳ ನಿಯಮ ಅಡ್ಡ ಬಂತು.

1904ರಲ್ಲಿ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಪತ್ರಿಕೆಯೊಂದರಲ್ಲಿ, ಮಧ್ಯ ಆಫ್ರಿಕದ ಗಬಾನ್ ಪ್ರದೇಶಕ್ಕೆ ಕೆಲಸಗಾರರು ಬೇಕಾಗಿದ್ದಾರೆ ಎಂದು ಓದಿದರು. ವೈದ್ಯನಾಗಿ ಅಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದರು. ಆ ಹೊತ್ತಿಗೆ ಅವರು ಕಾಲೇಜಿನ ಪ್ರಾಂಶುಪಾಲರು, ಉಪನ್ಯಾಸಕರು, ಚರ್ಚಿನ ಉಪದೇಶಕರು, ಹೆಸರಾಂತ ಆರ್ಗನ್ ವಾದಕರು. ಹಾಗಿದ್ದೂ 1905ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ವೈದ್ಯಕೀಯ ತರಗತಿಯಲ್ಲಿ ಹುಡುಗರ ಜೊತೆ ಹೋಗಿ ಕುಳಿತರು. ಬಂಧುಗಳು, ಮಿತ್ರರು ಇದು ಹುಚ್ಚು ಎಂದರು. ಪಾಠ ಹೇಳುವುದು, ಉಪದೇಶ, ಕಚೇರಿ, ಬಾಖ್ ಮತ್ತು ಯೇಸುವಿನ ಕುರಿತ ದೊಡ್ಡ ಗ್ರಂಥಗಳ ಬರವಣಿಗೆ ಎಲ್ಲವೂ ನಡೆದಿರುವಾಗಲೇ ಡಾಕ್ಟರ್ ಓದು ಮುಗಿಸಿದರು. ಕೊನೆಯ ಪರೀಕ್ಷೆಯ ಫೀಜನ್ನು 1911ರಲ್ಲಿ ಮ್ಯೂನಿಕ್‌ನಲ್ಲಿ ಆರ್ಗನ್ ನುಡಿಸಿ ಸಂಪಾದಿಸಿದರು.

ಅವರ ಧಾರ್ಮಿಕ ವಿಚಾರಗಳು ಮಿಷನ್ ಸಂಸ್ಥೆಗೆ ಒಪ್ಪಿಗೆಯಾಗಲಿಲ್ಲ. ಉಪದೇಶ ಮಾಡುವುದಿಲ್ಲ, ಬರೀ ಡಾಕ್ಟರಾಗಿರುತ್ತೇನೆ, ಆಸ್ಪತ್ರೆಯ ಖರ್ಚನ್ನೂ ನಾನೇ ಹೊಂದಿಸುತ್ತೇನೆ ಎಂದು ಒಪ್ಪಿಕೊಂಡರು. 1913ರ ಏಪ್ರಿಲ್‌ನಲ್ಲಿ, ನರ್ಸಿಂಗ್ ಕಲಿತಿದ್ದ ಪತ್ನಿ ಹೆಲೆನೆಯೊಂದಿಗೆ ಓಗೋವೆ ನದಿಯ ದಡದ ಲಾಂಬರೆನೆ ತಲುಪಿದರು. ಆಸ್ಪತ್ರೆಯ ಕಟ್ಟಡ ಎದ್ದಿರಲಿಲ್ಲ. ಹಳೆಯ ಕೋಳಿಗೂಡೊಂದಕ್ಕೆ ಸುಣ್ಣ ಬಳಿದು ಚಿಕಿತ್ಸೆ ಆರಂಭಿಸಿದರು. ಮಲೇರಿಯ, ಕುಷ್ಠ, ನಿದ್ರಾರೋಗ, ರಕ್ತಭೇದಿ, ಹರ್ನಿಯಾದವರು ದೋಣಿಗಳಲ್ಲಿ ಬರುತ್ತಿದ್ದರು. ಸಹಾಯಕನಾಗಿ ಸಿಕ್ಕ ಜೋಸೆಫ್ ಮೊದಲು ಅಡುಗೆಯವನಾಗಿದ್ದ. ರೋಗಿಗೆ ಎಲ್ಲಿ ನೋವೆಂಬುದನ್ನು ಅವನು ಮಾಂಸದ ತುಂಡುಗಳ ಹೆಸರಿನಲ್ಲೇ ಹೇಳುತ್ತಿದ್ದ!

ಮೊದಲ ಮಹಾಯುದ್ಧ ಬಂತು. ಫ್ರೆಂಚ್ ವಸಾಹತಿನಲ್ಲಿದ್ದ ಜರ್ಮನ್ ಪ್ರಜೆಗಳೆಂದು ದಂಪತಿಗಳನ್ನು 1917ರಲ್ಲಿ ಫ್ರಾನ್ಸಿಗೆ ಒಯ್ದು ಶಿಬಿರದಲ್ಲಿಟ್ಟರು. ಯುದ್ಧ ಮುಗಿದಾಗ ಕೈಯಲ್ಲಿ ಉಳಿದದ್ದು ಕೆಟ್ಟ ಆರೋಗ್ಯ ಮತ್ತು ಸಾಲ. ಕಚೇರಿ, ಉಪನ್ಯಾಸ, ಪುಸ್ತಕಗಳಿಂದ ಹಣ ಕೂಡಿಸಿ 1924ರಲ್ಲಿ ಮತ್ತೆ ಹೊರಟರು. ಹಳೆಯ ಆಸ್ಪತ್ರೆ ಪಾಳುಬಿದ್ದಿತ್ತು. ಬೆಳಿಗ್ಗೆ ರೋಗಿಗಳನ್ನು ನೋಡಿ, ಮಧ್ಯಾಹ್ನ ಕಟ್ಟಡ ಕೆಲಸದ ಮೇಸ್ತ್ರಿಯಾಗಿ ನಿಂತು ಅದನ್ನು ಮತ್ತೆ ಎಬ್ಬಿಸಿದರು. ರಾತ್ರಿ ಪಿಯಾನೋ ಅಭ್ಯಾಸ, ಬರವಣಿಗೆ. 1952ರ ನೊಬೆಲ್ ಶಾಂತಿ ಪ್ರಶಸ್ತಿಯ ಹಣ ಕುಷ್ಠರೋಗಿಗಳ ವಸತಿಗೆ ಹೋಯಿತು. 1965ರ ಸೆಪ್ಟೆಂಬರ್ 4ರಂದು, 90ನೆಯ ವಯಸ್ಸಿನಲ್ಲಿ, ಲಾಂಬರೆನೆಯಲ್ಲೇ ತೀರಿಕೊಂಡರು.

ಅವರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಆಫ್ರಿಕದ ಜನರನ್ನು ಸಮಾನರೆಂದು ಕಾಣದೆ ತಮ್ಮಂದಿರೆಂದು ಕಂಡರು ಎಂಬ ಟೀಕೆ ಇದೆ, ಅದು ಸುಳ್ಳಲ್ಲ. ಹೆಲೆನೆಯವರು ಆರೋಗ್ಯ ಕಳೆದುಕೊಂಡು, ಮಗಳೊಂದಿಗೆ ವರ್ಷಗಟ್ಟಲೆ ಗಂಡನಿಂದ ದೂರ ಇರಬೇಕಾಯಿತು. ಇಬ್ಬರ ಸೇವೆಯಲ್ಲಿ ಹೆಸರು ಬಂದದ್ದು ಒಬ್ಬರಿಗೆ.

ಆ ಪುಸ್ತಕ ಮುಚ್ಚಿದಾಗ ನನಗೆ ಆಫ್ರಿಕಕ್ಕೆ ಹೋಗಬೇಕು ಅನ್ನಿಸಲಿಲ್ಲ. ಸ್ಟ್ರಾಸ್‌ಬರ್ಗ್‌ನ ಆ ವಾರವಾರದ ಮನೆಭೇಟಿಯೇ ಕಾಡಿತು. ಅಷ್ಟು ಕೆಲಸಗಳ ನಡುವೆ ಅವರಿಗೆ ಬಿಡುವು ತಾನಾಗಿ ಸಿಕ್ಕಿರಲಿಲ್ಲ, ಅವರು ಅದನ್ನು ಮೊದಲೇ ತೆಗೆದಿಟ್ಟಿದ್ದರು. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಮಂಗಳವಾರ, ಶುಕ್ರವಾರ ಐದರ ಬಸ್ಸು ಬಿಟ್ಟು ಏಳರ ಬಸ್ಸು ಹಿಡಿಯತೊಡಗಿದೆ. ವರ್ಗವಾಗುವವರೆಗೂ ಅದು ನಡೆಯಿತು. ಮನೆಯಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ.

ಹೋಟೆಲಿಗೆ ಹೋದ ಆ ಹುಡುಗನಿಗೆ ಕೊಡಬೇಕಾಗಿದ್ದ ಒಂದು ಗಂಟೆಯನ್ನು ಮಾತ್ರ ಇನ್ನು ಕೊಡಲಾರೆ. ಅದಕ್ಕೇ ಈ ಸುವರ್ಣ ಮಹೋತ್ಸವಕ್ಕೆ ಬಂದಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ದೇಣಿಗೆ ಕೊಟ್ಟಿದ್ದೀರಿ, ಸಂತೋಷ. ಊರಿಗೆ ಬಂದಾಗಲೆಲ್ಲ ಈ ಮಕ್ಕಳ ಜೊತೆ ಒಂದು ಗಂಟೆ ಕೂತುಕೊಳ್ಳಿ.