ಉಪ್ಪಿನ ಗುಟ್ಟನ್ನು ಬಿಡಿಸಿದ ಮಹನೀಯ: ಸ್ವಾಂಟೆ ಆರ್ಹೇನಿಯಸ್

ಉಪ್ಪಿಗಿಂತ ರುಚಿಯಿಲ್ಲವೆಂಬುದು ನಮ್ಮ ಹಿರಿಯರು ಕಂಡುಕೊಂಡ ಮಾತು. ಹೋಟೆಲಿನ ಅಡುಗೆಮನೆಯಲ್ಲಿ ನಿತ್ಯವೂ ಸಾರಿನ ಹಂಡೆಗೆ ಉಪ್ಪು ಹಾಕುವ ನಮ್ಮ ಬಂಧುಗಳಿಗೆ ಅದರ ಹದವನ್ನು ಬೇರೊಬ್ಬರು ತಿಳಿಸಬೇಕಾಗಿಲ್ಲ. ಆದರೆ ನೀರಿಗೆ ಬಿದ್ದ ಆ ಹರಳು ನೋಡನೋಡುತ್ತಿರುವಂತೆಯೇ ಕಣ್ಮರೆಯಾಗುತ್ತದಷ್ಟೆ. ಅದು ಏನಾಯಿತು ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ವಿರಳ. ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹೇಳಿದುದಕ್ಕಾಗಿ ಒಬ್ಬ ತರುಣನು ತನ್ನ ವಿಶ್ವವಿದ್ಯಾಲಯದಲ್ಲಿ ಕೀಳು ದರ್ಜೆಯನ್ನು ಪಡೆಯಬೇಕಾಯಿತು. ಹತ್ತೊಂಬತ್ತು ವರ್ಷಗಳ ತರುವಾಯ ಅದೇ ಉತ್ತರಕ್ಕಾಗಿ ನೊಬೆಲ್ ಪಾರಿತೋಷಕವೂ ಲಭಿಸಿತು. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಓದಿದವರೂ, ಕಚೇರಿಯ ಕೆಲಸದ ನಡುವೆ ಪರೀಕ್ಷೆಗೆ ಕುಳಿತವರೂ ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಅವರ ಮುಂದೆ ಈ ಜೀವನವನ್ನು ಇರಿಸುವುದು ಉಚಿತವೆಂದು ನಾವು ಬಗೆದಿದ್ದೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ವಾಂಟೆ ಆರ್ಹೇನಿಯಸ್ ಹುಟ್ಟಿದುದು 1859ನೆಯ ಇಸವಿ ಫೆಬ್ರವರಿ 19ರಂದು, ಸ್ವೀಡನ್ ದೇಶದ ಉಪ್ಸಾಲಾ ನಗರದ ಸಮೀಪದ ವಿಕ್ ಎಂಬಲ್ಲಿ. ತಂದೆಯವರು ಭೂಮಾಪನದ ವೃತ್ತಿಯವರು. ಜಹಗೀರಿನ ಆಡಳಿತ, ಲೆಕ್ಕಪತ್ರಗಳು ಅವರ ಕೈಯಲ್ಲಿದ್ದವು. ಮೂರು ವರ್ಷದ ಮಗುವಾಗಿದ್ದಾಗಲೇ ಸ್ವಾಂಟೆ ತಾನಾಗಿಯೇ ಓದಲು ಕಲಿತನು. ತಂದೆಯವರು ಖಾತೆಪುಸ್ತಕದಲ್ಲಿ ಅಂಕಿಗಳನ್ನು ಕೂಡುತ್ತಿದ್ದುದನ್ನು ಪಕ್ಕದಲ್ಲಿದ್ದು ನೋಡುತ್ತ ಗಣಿತವನ್ನೂ ಕಲಿತನು. ಜಮಾಖರ್ಚಿನ ಪುಸ್ತಕವೇ ಮುಂದೆ ಮಹಾವಿಜ್ಞಾನಿಯಾದವನ ಮೊದಲ ಪಠ್ಯವಾಯಿತೆಂಬುದು ಗುಮಾಸ್ತೆಯ ವೃತ್ತಿಯಲ್ಲಿರುವ ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡುವ ಸಂಗತಿಯಲ್ಲವೆ?

ಉಪ್ಸಾಲಾದಲ್ಲಿ ಶಾಲೆಯನ್ನು 1876ರಲ್ಲಿ ಮುಗಿಸಿ, ಅಲ್ಲಿಯ ವಿಶ್ವವಿದ್ಯಾಲಯವನ್ನೇ ಸೇರಿದರೂ ಅಲ್ಲಿನ ಬೋಧನೆಯಿಂದ ಅವರಿಗೆ ತೃಪ್ತಿಯುಂಟಾಗಲಿಲ್ಲ. 1881ರಲ್ಲಿ ರಾಜಧಾನಿ ಸ್ಟಾಕ್‌ಹೋಮಿಗೆ ಹೋಗಿ, ವಿಜ್ಞಾನ ಅಕಾಡೆಮಿಯ ಭೌತಶಾಸ್ತ್ರಜ್ಞ ಎಡ್ಲಂಡ್ ಅವರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತರು. ಅಲ್ಲಿ ಅವರು ಕೈಗೊಂಡ ವಿಷಯವು ಹೊರನೋಟಕ್ಕೆ ಬಹಳ ಸಾಧಾರಣವಾದುದು. ಬೇರೆಬೇರೆ ಲವಣಗಳನ್ನು ನೀರಿನಲ್ಲಿ ಕರಗಿಸಿ, ಆ ದ್ರಾವಣದೊಳಗೆ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆಯುವುದೇ ಆ ಕೆಲಸ.

ಆ ಕಾಲದ ಸಮಸ್ಯೆ

ಒಣ ಉಪ್ಪಿನ ಹರಳಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅತ್ಯಂತ ಶುದ್ಧವಾದ ನೀರಿನಲ್ಲಿಯೂ ಅದು ಹರಿಯುವುದಿಲ್ಲವೆಂದೇ ಹೇಳಬಹುದು. ಆದರೆ ಇವೆರಡನ್ನೂ ಬೆರಸಿದೊಡನೆ ಹರಿಯತೊಡಗುತ್ತದೆ. ಸಕ್ಕರೆಯನ್ನು ಬೆರಸಿದರೆ ಹಾಗಾಗುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು ಸುಮಾರು ಐವತ್ತು ವರ್ಷಗಳ ಮೊದಲೇ, ದ್ರಾವಣದಲ್ಲಿ ವಿದ್ಯುತ್ತನ್ನು ಹೊತ್ತು ಸಾಗುವ ಕಣಗಳಿಗೆ ಅಯಾನುಗಳೆಂದು ಹೆಸರನ್ನಿತ್ತಿದ್ದರು. ಆದರೆ ವಿದ್ಯುತ್ತನ್ನು ಹಾಯಿಸಿದ ಮೇಲೆಯೇ ಲವಣವು ಒಡೆದು ಅಯಾನುಗಳು ಹುಟ್ಟುತ್ತವೆ ಎಂಬುದೇ ಅಂದಿನವರ ನಂಬಿಕೆಯಾಗಿತ್ತು.

ಆರ್ಹೇನಿಯಸರು ದ್ರಾವಣಗಳನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಮಾಡುತ್ತ ಅಳೆದರು. ನೀರು ಹೆಚ್ಚಿದಷ್ಟೂ, ಅದರಲ್ಲಿದ್ದ ಉಪ್ಪಿನ ಒಂದೊಂದು ಪಾಲಿಗೂ ವಿದ್ಯುತ್ತನ್ನು ಸಾಗಿಸುವ ಶಕ್ತಿ ಹೆಚ್ಚುತ್ತಿದ್ದುದು ಅವರ ಗಮನಕ್ಕೆ ಬಂದಿತು. 1883ರ ಮೇ ತಿಂಗಳ ಒಂದು ರಾತ್ರಿ ಇದರ ಅರ್ಥವು ಅವರಿಗೆ ಹೊಳೆಯಿತು. ಸಮಸ್ಯೆಯನ್ನು ಕೊನೆಮುಟ್ಟಿಸುವವರೆಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲವೆಂದು ಮುಂದೆ ಅವರೇ ನೆನೆದಿದ್ದಾರೆ. ಅವರ ಆಲೋಚನೆಯ ಸಾರವಿಷ್ಟು: ವಿದ್ಯುತ್ತು ಲವಣವನ್ನು ಒಡೆಯುವುದಿಲ್ಲ, ನೀರಿನಲ್ಲಿ ಕರಗುವಾಗಲೇ ಅದು ಬೇರ್ಪಟ್ಟಿರುತ್ತದೆ. ಒಂದು ಭಾಗಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ ವಿದ್ಯುದಂಶ. ತಂತಿಯನ್ನು ಮುಳುಗಿಸಿದಾಗ ಅವು ಆಯಾ ದಿಕ್ಕಿಗೆ ಸಾಗುತ್ತವೆ, ಅಷ್ಟೆ.

ನಾಲ್ಕನೆಯ ದರ್ಜೆ

ಈ ವಿಚಾರವನ್ನು 1884ರಲ್ಲಿ ಡಾಕ್ಟರ್ ಪದವಿಯ ಪ್ರಬಂಧವಾಗಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಹಿರಿಯರ ಅಸಮಾಧಾನವನ್ನು ಊಹಿಸಿಯೋ ಏನೋ, ಅಯಾನುಗಳು ಬಿಡಿಯಾಗಿವೆ ಎಂದು ನೇರವಾಗಿ ಹೇಳದೆ, ಕ್ರಿಯಾಶೀಲವಾದ ಮತ್ತು ಕ್ರಿಯಾಶೀಲವಲ್ಲದ ಅಂಶಗಳೆಂದು ಎಚ್ಚರದಿಂದ ಬರೆದಿದ್ದರು. ಆದರೂ ಫಲವು ಒಳ್ಳೆಯದಾಗಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪೆರ್ ಟಿಯೊಡೊರ್ ಕ್ಲೀವ್ ಅವರು ಎರಡು ಹೊಸ ಮೂಲವಸ್ತುಗಳನ್ನು ಕಂಡುಹಿಡಿದಿದ್ದ ಸಮರ್ಥ ವಿದ್ವಾಂಸರು. ಅಂಥವರಿಗೂ ಈ ಮಾತು ರುಚಿಸಲಿಲ್ಲ. ಪ್ರಬಂಧಕ್ಕೆ ನಾಲ್ಕನೆಯ ದರ್ಜೆ, ಅದನ್ನು ಸಮರ್ಥಿಸಿಕೊಂಡ ರೀತಿಗೆ ಮೂರನೆಯ ದರ್ಜೆ ದೊರೆಯಿತು. ಇಂಥ ದರ್ಜೆಯುಳ್ಳವನಿಗೆ ವಿಶ್ವವಿದ್ಯಾಲಯದಲ್ಲಿ ಬೋಧಕನಾಗುವ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ.

ವಿದ್ವಾಂಸರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಉಪ್ಪೆಂಬುದು ಸೋಡಿಯಂ ಮತ್ತು ಕ್ಲೋರೀನ್‌ಗಳ ಸಂಯುಕ್ತ. ಸೋಡಿಯಂ ಲೋಹದ ತುಣುಕನ್ನು ನೀರಿಗೆ ಹಾಕಿದರೆ ಅದು ಸಿಡಿಯುತ್ತದೆ. ಕ್ಲೋರೀನ್ ವಿಷದ ಗಾಳಿ. ಇವೆರಡೂ ಉಪ್ಪುನೀರಿನಲ್ಲಿ ಬೇರೆಬೇರೆಯಾಗಿ ತೇಲಾಡುತ್ತಿವೆಯೆಂದರೆ ಸಾರನ್ನು ಉಂಡವನು ಬದುಕುವುದೆಂತು? ಇದು ಅಂದಿನವರ ಪ್ರಶ್ನೆ. ವಿದ್ಯುದಂಶವಿಲ್ಲದ ಪರಮಾಣು ಒಂದು, ವಿದ್ಯುದಂಶವುಳ್ಳ ಅಯಾನು ಇನ್ನೊಂದು. ಹೆಸರು ಒಂದೇ ಆದರೂ ಗುಣಗಳು ಬೇರೆ ಎಂಬುದು ಅದಕ್ಕೆ ಉತ್ತರ. ಆದರೆ ಆ ವ್ಯತ್ಯಾಸದ ಮೂಲವನ್ನು ತೋರಿಸಲು ಅಂದು ಯಾರಿಂದಲೂ ಸಾಧ್ಯವಿರಲಿಲ್ಲ.

ದೂರದ ಗೆಳೆಯರು

ಊರಿನಲ್ಲಿ ಮನ್ನಣೆಯಿಲ್ಲವೆಂದು ಆರ್ಹೇನಿಯಸರು ಕೈಕಟ್ಟಿ ಕೂಡಲಿಲ್ಲ. ಪ್ರಬಂಧದ ಪ್ರತಿಗಳನ್ನು ಪರದೇಶದ ವಿದ್ವಾಂಸರಿಗೆ ಅಂಚೆಯ ಮೂಲಕ ಕಳುಹಿಸಿದರು. ಅಂದು ರಷ್ಯಾ ಸಾಮ್ರಾಜ್ಯದಲ್ಲಿದ್ದ ರೀಗಾ ನಗರದ ಪ್ರಾಧ್ಯಾಪಕ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಿಗೂ ಒಂದು ಪ್ರತಿ ಮುಟ್ಟಿತು. ಅವರಿಗೆ ಅದೇ ದಿನ ಹಲ್ಲುನೋವು, ಅದೇ ದಿನ ಹೆಣ್ಣುಮಗುವಿನ ಜನನ. ಮೂರರಲ್ಲಿ ಹೆಚ್ಚು ತಳಮಳವನ್ನುಂಟುಮಾಡಿದುದು ಈ ಪ್ರಬಂಧವೇ ಎಂಬುದು ಅವರದೇ ನೆನಪು. ಕೆಲವು ವಾರಗಳಲ್ಲಿ ಅವರು ಸ್ವತಃ ಉಪ್ಸಾಲಾಕ್ಕೆ ಬಂದು ತರುಣನನ್ನು ಕಂಡು, ರೀಗಾದಲ್ಲಿ ಕೆಲಸ ಕೊಡುವೆನೆಂದರು. ಹೊರಗಿನವರ ಈ ಆದರವನ್ನು ಕಂಡ ಮೇಲೆ ಉಪ್ಸಾಲಾದವರೂ ಬೋಧಕನ ಸ್ಥಾನವನ್ನಿತ್ತರು. ತಂದೆಯವರು ತೀವ್ರ ಕಾಯಿಲೆಯಲ್ಲಿದ್ದುದರಿಂದ ಆರ್ಹೇನಿಯಸರು ಆಗ ಊರನ್ನು ಬಿಡಲಿಲ್ಲ. 1885ರಲ್ಲಿ ತಂದೆಯವರು ತೀರಿಕೊಂಡರು. ತರುವಾಯ ಅಕಾಡೆಮಿಯ ಪ್ರವಾಸವೇತನದಿಂದ ರೀಗಾ, ವುರ್ಟ್ಸ್‌ಬರ್ಗ್, ಗ್ರಾಟ್ಸ್, ಆಮ್‌ಸ್ಟರ್‌ಡಾಂ, ಲೈಪ್‌ಜಿಗ್‌ಗಳಲ್ಲಿ ಹಲವು ವರ್ಷ ಕಳೆದರು.

ಎಣಿಕೆ ಕೊಟ್ಟ ಸಾಕ್ಷ್ಯ

ಆಮ್‌ಸ್ಟರ್‌ಡಾಮಿನ ವಾಂಟ್ ಹಾಫ್ ಎಂಬವರ ಸಂಶೋಧನೆಯು ಆರ್ಹೇನಿಯಸರ ಕೈಗೆ ಬಲವಾದ ಸಾಕ್ಷ್ಯವನ್ನಿತ್ತಿತು. ಇದನ್ನು ತಿಳಿಯಬೇಕಾದರೆ ಮೋಲ್ ಎಂಬ ಎಣಿಕೆಯನ್ನು ಮೊದಲು ಅರಿಯಬೇಕು. ಬಾಳೆಹಣ್ಣನ್ನು ನಾವು ಡಜನ್ನಿನಲ್ಲಿ ಎಣಿಸುತ್ತೇವೆ. ಪೆನ್ಸಿಲನ್ನು 144ರ ಗ್ರೋಸಿನಲ್ಲಿ ಎಣಿಸುತ್ತಿದ್ದರು. ಪರಮಾಣುಗಳು ಅತಿಸೂಕ್ಷ್ಮವಾದುದರಿಂದ ಅವುಗಳ ಡಜನ್ನು ಬಹಳ ದೊಡ್ಡದಾಗಿರಬೇಕು. 6022ರ ಮುಂದೆ ಇಪ್ಪತ್ತು ಸೊನ್ನೆಗಳನ್ನಿಟ್ಟರೆ ಬರುವಷ್ಟು ಕಣಗಳು ಸೇರಿ ಸರಿಸುಮಾರಾಗಿ ಒಂದು ಮೋಲ್. 2019ರಿಂದ ಈ ಸಂಖ್ಯೆಯನ್ನು ಅಂತರರಾಷ್ಟ್ರೀಯವಾಗಿ ಖಚಿತವಾಗಿ ನಿಗದಿಮಾಡಿದ್ದಾರೆ. ಬ್ಯಾಂಕಿನಲ್ಲಿ ನಾಣ್ಯದ ಚೀಲವನ್ನು ತೂಗಿ ಲೆಕ್ಕ ಹಿಡಿಯುವಂತೆ ರಸಾಯನಶಾಸ್ತ್ರಜ್ಞರೂ ತೂಕದಿಂದಲೇ ಎಣಿಸುತ್ತಾರೆ. ಸಕ್ಕರೆಯಾದರೆ 342 ಗ್ರಾಂ ಒಂದು ಮೋಲ್. ಉಪ್ಪಿನಲ್ಲಿ ಸೋಡಿಯಂ ಪಾಲು 23, ಕ್ಲೋರೀನ್ ಪಾಲು 35.5, ಆದುದರಿಂದ 58.5 ಗ್ರಾಂ ಒಂದು ಮೋಲ್.

ಈಗ ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ಸಕ್ಕರೆಯನ್ನು ಕರಗಿಸಿದರೆ, ಆ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಸುಮಾರು 1.86 ಡಿಗ್ರಿ ಕೆಳಗಿಳಿದ ಮೇಲೆ ಹೆಪ್ಪುಗಟ್ಟತೊಡಗುತ್ತದೆ. ಈ ಇಳಿತವು ಕರಗಿದ ಕಣಗಳು ಎಷ್ಟೆಂಬುದನ್ನು ಅವಲಂಬಿಸಿದೆಯೇ ಹೊರತು ಯಾವುವೆಂಬುದನ್ನಲ್ಲ. ಹಾಗಾದರೆ ಒಂದು ಮೋಲ್ ಉಪ್ಪಿಗೂ ಅಷ್ಟೇ ಇಳಿಯಬೇಕಷ್ಟೆ? ಇಳಿಯುವುದು ಸುಮಾರು 3.4 ಡಿಗ್ರಿ, ಎಂದರೆ ಎರಡು ಪಟ್ಟಿಗೆ ಸಮೀಪ. ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣದ ತೆಳುದ್ರಾವಣದಲ್ಲಿ ಇಳಿತವು ಮೂರು ಪಟ್ಟಿಗೆ ಸಮೀಪ. ಒಂದು ಕಣವೆಂದು ಎಣಿಸಿದ್ದು ಉಪ್ಪಿನಲ್ಲಿ ಎರಡಾಗಿದೆ, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಮೂರಾಗಿದೆ ಎಂದಲ್ಲದೆ ಇದಕ್ಕೆ ಬೇರೆ ಅರ್ಥವೇನು? ತಮ್ಮ ವಿದ್ಯುತ್ತಿನ ಅಳತೆಯಿಂದ ಬಂದ ಲೆಕ್ಕವೂ, ಹೆಪ್ಪುಗಟ್ಟುವ ಅಳತೆಯಿಂದ ಬಂದ ಲೆಕ್ಕವೂ ಒಂದಕ್ಕೊಂದು ತಾಳೆಯಾಗುವುದನ್ನು ಆರ್ಹೇನಿಯಸರು 1887ರಲ್ಲಿ ಪ್ರಕಟಿಸಿ, ಈ ಬಾರಿ ಯಾವ ಸಂಕೋಚವೂ ಇಲ್ಲದೆ ಅಯಾನುಗಳ ಹೆಸರೆತ್ತಿದರು. ಆಮ್ಲಗಳಿಗೆ ಆ ಗುಣ ಬರುವುದು ನೀರಿನಲ್ಲಿ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುವುದರಿಂದ ಎಂಬುದನ್ನೂ ಈ ತತ್ತ್ವವೇ ತಿಳಿಸಿಕೊಟ್ಟಿತು; ಹುಣಿಸೆಯ ಹುಳಿಗೆ ಕಾರಣವೂ ಇದೇ.

ಕೊಡುಕೊಳೆಯ ಲೆಕ್ಕ

1897ರಲ್ಲಿ ಜೆ. ಜೆ. ಥಾಮ್ಸನ್ ಅವರು ಎಲೆಕ್ಟ್ರಾನನ್ನು ಕಂಡುಹಿಡಿದುದರಿಂದ ಹಳೆಯ ಆಕ್ಷೇಪಣೆಗೆ ಸಮಾಧಾನ ದೊರೆಯುವ ದಾರಿ ತೆರೆಯಿತು. ಸೋಡಿಯಂ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರೀನಿಗೆ ಕೊಟ್ಟುಬಿಡುತ್ತದೆ. ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು. ಕೊಟ್ಟ ಮೇಲೆ ಸೋಡಿಯಮ್ಮಿನ ಸಿಡುಕೂ ಇಲ್ಲ, ಪಡೆದ ಮೇಲೆ ಕ್ಲೋರೀನಿನ ವಿಷವೂ ಇಲ್ಲ. ಈ ಕೊಡುಕೊಳೆಯನ್ನು ಬರೆದಿಡುವ ಕ್ರಮಕ್ಕೆ ಉತ್ಕರ್ಷಣ ಸಂಖ್ಯೆಯೆಂದು ಹೆಸರು; ಇದು ಆರ್ಹೇನಿಯಸರ ತರುವಾಯ ಪೂರ್ಣ ರೂಪವನ್ನು ತಾಳಿತು. ಉಪ್ಪಿನಲ್ಲಿ ಸೋಡಿಯಮ್ಮಿಗೆ ಧನ 1, ಕ್ಲೋರೀನಿಗೆ ಋಣ 1, ಕೂಡಿದರೆ ಸೊನ್ನೆ. ಒಳ್ಳೆಯ ಗುಮಾಸ್ತನ ತಃಖ್ತೆಯಂತೆ ಎರಡೂ ಕಡೆ ಸರಿಹೋಗಬೇಕು.

ತರಕಾರಿ ತೊಳೆಯಲು ಬಳಸುತ್ತಿದ್ದ ನೇರಳೆ ಬಣ್ಣದ ಪೊಟ್ಯಾಸಿಯಂ ಪರಮಾಂಗನೇಟನ್ನು ಹಲವರು ಬಲ್ಲರು. ಅದರಲ್ಲಿ ಪೊಟ್ಯಾಸಿಯಂ ಧನ 1. ನಾಲ್ಕು ಆಮ್ಲಜನಕಗಳಿಗೆ ಒಂದೊಂದಕ್ಕೆ ಋಣ 2ರಂತೆ ಒಟ್ಟು ಋಣ 8. ಮೊತ್ತವು ಸೊನ್ನೆಯಾಗಬೇಕಾದರೆ ಮ್ಯಾಂಗನೀಸಿಗೆ ಧನ 7 ಬರೆಯಲೇಬೇಕು. ಅದು ನಿಜವಾಗಿ ಏಳು ಎಲೆಕ್ಟ್ರಾನ್‌ಗಳನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದೆಯೆಂದಲ್ಲ. ಇದು ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಆ ನೇರಳೆ ಬಣ್ಣವು ಕೊಳೆಯೊಡನೆ ಸೇರಿ ಕಂದು ಕಲೆಯಾದಾಗ ಮ್ಯಾಂಗನೀಸು 7ರಿಂದ 4ಕ್ಕೆ ಇಳಿದಿರುತ್ತದೆ. ಸಂಖ್ಯೆ ಇಳಿದರೆ ಅಪಕರ್ಷಣ. ಎಲೆಕ್ಟ್ರಾನನ್ನು ಕೊಟ್ಟ ಕೊಳೆಗೆ ಸಂಖ್ಯೆ ಏರಿ ಉತ್ಕರ್ಷಣ. ಒಬ್ಬನ ಖರ್ಚಿಲ್ಲದೆ ಇನ್ನೊಬ್ಬನ ಜಮೆಯಿಲ್ಲ.

ಕೀರ್ತಿಯೂ ಕಲಂಕವೂ

ಆರ್ಹೇನಿಯಸರು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಧ್ಯಾಪಕರಾಗಿ, ವಿರೋಧವನ್ನು ಎದುರಿಸಿ 1895ರಲ್ಲಿ ಪ್ರಾಧ್ಯಾಪಕರಾದರು. ಗಾಳಿಯಲ್ಲಿ ಇಂಗಾಲಾಮ್ಲ ಅನಿಲವು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಕೈಲೆಕ್ಕದಿಂದಲೇ ಗುಣಿಸಿ 1896ರಲ್ಲಿ ಪ್ರಕಟಿಸಿದರು. ಇಂದು ಜಗತ್ತೆಲ್ಲ ಚಿಂತಿಸುತ್ತಿರುವ ಭೂತಾಪದ ವಿಚಾರಕ್ಕೆ ಅದು ತಳಹದಿಯ ಲೇಖನಗಳಲ್ಲೊಂದು. 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು; ಸ್ವೀಡನ್ನಿನವರಲ್ಲಿ ಈ ಗೌರವವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಆಗ ರಸಾಯನಶಾಸ್ತ್ರದ ನೊಬೆಲ್ ಸಮಿತಿಯ ಅಧ್ಯಕ್ಷರಾಗಿದ್ದವರು ಹಿಂದೆ ಪ್ರಬಂಧವನ್ನು ಮೆಚ್ಚದಿದ್ದ ಅದೇ ಕ್ಲೀವ್ ಅವರು. ತಮ್ಮ ಹಳೆಯ ಅಭಿಪ್ರಾಯಕ್ಕೆ ಅಂಟಿಕೊಂಡಿರದೆ ಶಿಷ್ಯನ ಹಿರಿಮೆಯನ್ನು ಒಪ್ಪಿಕೊಂಡ ಆ ವೃದ್ಧರ ಔದಾರ್ಯವನ್ನೂ ನಾವು ಮೆಚ್ಚಲೇಬೇಕು.

ಅಂಥ ಔದಾರ್ಯವು ಶಿಷ್ಯನಿಗೆ ಒದಗಿತೆಂದು ಹೇಳಲಾರೆವು. 1906ರಲ್ಲಿ ಮೂಲವಸ್ತುಗಳ ಕೋಷ್ಟಕವನ್ನು ರಚಿಸಿದ ರಷ್ಯಾದ ಮೆಂಡಲೀವ್ ಅವರ ಹೆಸರನ್ನು ನೊಬೆಲ್ ಸಮಿತಿಯು ಬಹುಮತದಿಂದ ಸೂಚಿಸಿತ್ತು. ಮೆಂಡಲೀವರು ಅಯಾನು ತತ್ತ್ವವನ್ನು ಒಪ್ಪದೆ ಟೀಕಿಸಿದ್ದವರು. ಆ ಸಂಶೋಧನೆ ಹಳೆಯದಾಯಿತೆಂದು ಆರ್ಹೇನಿಯಸರು ಅಕಾಡೆಮಿಯಲ್ಲಿ ತಮ್ಮ ಪ್ರಭಾವವನ್ನು ಬೀರಿದರು. ಪಾರಿತೋಷಕವು ಫ್ರಾನ್ಸಿನ ಮೊಯ್ಸಾನ್ ಅವರಿಗೆ ಹೋಯಿತು. ಮರುವರ್ಷ ಫೆಬ್ರವರಿಯಲ್ಲಿ ಮೆಂಡಲೀವರು ನೊಬೆಲ್ ಕಾಣದೆಯೇ ಕಣ್ಮುಚ್ಚಿದರು. ಹಿಂದಿನ ಟೀಕೆಯ ಮುನಿಸೇ ಇದಕ್ಕೆ ಕಾರಣವೆಂಬ ಮಾತು ಅಂದಿನಿಂದಲೂ ಇದೆ. 1909ರಲ್ಲಿ ಹುಟ್ಟಿದ ಜನಾಂಗಶುದ್ಧಿಯ ಸಂಘವೊಂದರ ಆಡಳಿತ ಮಂಡಲಿಯಲ್ಲಿಯೂ ಆರ್ಹೇನಿಯಸರು ಇದ್ದರು. ಮನುಷ್ಯರನ್ನು ಹುಟ್ಟಿನಿಂದ ಮೇಲು ಕೀಳೆಂದು ಅಳೆಯುವ ಆ ವಿಚಾರವು ಎಂಥ ಅನರ್ಥವನ್ನು ತಂದಿತೆಂಬುದನ್ನು ಲೋಕವು ಮುಂದೆ ಕಂಡಿತು.

ಅವರ ತತ್ತ್ವವೂ ಸಂಪೂರ್ಣವಾಗಿ ಅವರು ಹೇಳಿದಂತೆಯೇ ಉಳಿಯಲಿಲ್ಲ. ನೀರಿನಲ್ಲಿ ಉಪ್ಪಿನ ಅಣುಗಳು ಒಡೆಯುತ್ತವೆಂದು ಅವರು ಎಣಿಸಿದ್ದರು. 1913ರ ಸುಮಾರಿಗೆ ಬ್ರ್ಯಾಗ್ ತಂದೆಮಕ್ಕಳು ಎಕ್ಸ್ ಕಿರಣಗಳ ಮೂಲಕ ಪರೀಕ್ಷಿಸಿದಾಗ, ಉಪ್ಪಿನ ಹರಳಿನಲ್ಲಿ ಬಿಡಿ ಅಣುಗಳೇ ಇಲ್ಲ, ಎರಡು ಬಗೆಯ ಅಯಾನುಗಳು ಸಾಲುಸಾಲಾಗಿ ಜೋಡಿಸಿಕೊಂಡಿವೆಯೆಂದು ತಿಳಿಯಿತು. ನೀರು ಆ ಸಾಲುಗಳನ್ನು ಬಿಡಿಸುತ್ತದೆ, ಅಷ್ಟೆ. ಹಾಗಿದ್ದರೂ ದ್ರಾವಣದಲ್ಲಿ ಅಯಾನುಗಳು ವಿದ್ಯುತ್ತಿಗೆ ಕಾಯದೆ ಬಿಡಿಯಾಗಿಯೇ ಇವೆಯೆಂಬ ಮೂಲಮಾತು ಅಳಿಯದೆ ನಿಂತಿತು.

1905ರಿಂದ ಸ್ಟಾಕ್‌ಹೋಮಿನ ನೊಬೆಲ್ ಸಂಸ್ಥೆಯ ನಿರ್ದೇಶಕರಾಗಿ ದುಡಿದ ಆರ್ಹೇನಿಯಸರು 1927ರ ಅಕ್ಟೋಬರ್ 2ರಂದು ನಿಧನ ಹೊಂದಿದರು. ಕೀಳು ದರ್ಜೆಯನ್ನಿತ್ತ ಉಪ್ಸಾಲಾದ ಮಣ್ಣಿನಲ್ಲಿಯೇ ಅವರ ಸಮಾಧಿಯಿದೆ.

ಅವರ ಜೀವನದಿಂದ ನಾವು ಕಲಿಯತಕ್ಕದ್ದು ಎರಡು. ಪರೀಕ್ಷಕರು ಕೊಟ್ಟ ಅಂಕವು ನಮ್ಮ ಕೆಲಸದ ಬೆಲೆಯ ಕೊನೆಯ ಮಾತಲ್ಲ. ಕೆಲಸವು ಸತ್ಯವಾಗಿದ್ದರೆ ಅದಕ್ಕೆ ಬೇರೊಂದು ಊರಿನಲ್ಲಾದರೂ ಓದುಗನು ದೊರೆಯುತ್ತಾನೆ. ಊರನ್ನು ಬಿಟ್ಟುಬಂದು ಬೇರೂರಿದ ನಮ್ಮವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಎರಡನೆಯದು ಇನ್ನೂ ಕಠಿಣವಾದುದು. ಮುಂದೊಂದು ದಿನ ನಾವೇ ಗಲ್ಲೆಯಲ್ಲಿ ಕುಳಿತಾಗ, ನಾವೇ ಮೇಲಧಿಕಾರಿಯಾದಾಗ, ನಮ್ಮನ್ನು ಒಪ್ಪದವನ ಕೆಲಸವನ್ನು ಅದರ ಯೋಗ್ಯತೆಯಿಂದಲೇ ಅಳೆಯುವೆವೋ, ಇಲ್ಲವೆ ಹಳೆಯ ನೋವಿನಿಂದಲೋ? ಆರ್ಹೇನಿಯಸರು ಮೊದಲನೆಯದರಲ್ಲಿ ಗೆದ್ದರು, ಎರಡನೆಯದರಲ್ಲಿ ಸೋತರು. ಆ ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು, ಅವರಿಗೆ ಕೀಳು ದರ್ಜೆಯನ್ನು ಕೊಟ್ಟಿದ್ದ ಕ್ಲೀವ್ ಅವರೇ.