ಸ್ಯಾಂಡ್‌ವಿಚ್ ಮಂತ್ರಿ ಓದಿದ ಪದ್ಯ

ರಾತ್ರಿ ಲೇಖನ ಕಳಿಸೋದು ತಡವಾದಾಗ ನನ್ನ ಊಟ ಹ್ಯಾಮ್-ಚೀಸ್ ಸ್ಯಾಂಡ್‌ವಿಚ್. ಎರಡೂ ಬ್ರೆಡ್ಡಿನ ಒಳಮೈಗೆ ಅಂಚಿನ ತನಕ ಬೆಣ್ಣೆ ಸವರಬೇಕು. ರುಚಿಗಷ್ಟೇ ಅಲ್ಲ, ಅದು ವಾಟರ್‌ಪ್ರೂಫಿಂಗ್. ಹ್ಯಾಮಿನ ನೀರು ಬ್ರೆಡ್ಡಿಗೆ ಇಳಿಯಬಾರದು. (ಇಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದರೂ ಬಂತು.) ಹ್ಯಾಮೂ ಉಪ್ಪು, ಚೀಸೂ ಉಪ್ಪು. ಒಂಚೂರು ಸಾಸಿವೆ ಪೇಸ್ಟ್ ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ನಾಲಿಗೆ ಸೋಲುತ್ತೆ. ತವಾ ಮೇಲೆ ಸಣ್ಣ ಉರಿಯಲ್ಲಿಟ್ಟು, ಮೇಲೊಂದು ಭಾರದ ಪಾತ್ರೆ ಹೇರಿ, ಚೀಸ್ ಕರಗಿ ಹ್ಯಾಮಿಗೆ ಅಂಟುವವರೆಗೆ ಕಾಯಬೇಕು. ಆಮೇಲೆ ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದರಲ್ಲಿ ಟೈಪ್ ಮಾಡಬಹುದು.

ಈ ಒಂದು ಕೈಯ ಅನುಕೂಲಕ್ಕೆ ಹೆಸರು ಕೊಟ್ಟವನು ಜಾನ್ ಮಾಂಟಗ್ಯು. 1718ರಲ್ಲಿ ಹುಟ್ಟಿದ, ಹತ್ತನೇ ವಯಸ್ಸಿಗೇ ಅಜ್ಜನ ಬಿರುದು ಸಿಕ್ಕಿ ಸ್ಯಾಂಡ್‌ವಿಚ್‌ನ ನಾಲ್ಕನೇ ಅರ್ಲ್ ಆದ. ಸ್ಯಾಂಡ್‌ವಿಚ್ ಅನ್ನೋದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಊರು. ಜೂಜಿನ ಮೇಜಿನಿಂದ ಏಳೋಕೆ ಮನಸ್ಸಿಲ್ಲದೆ ಬ್ರೆಡ್ಡಿನ ನಡುವೆ ಗೋಮಾಂಸ ಇಟ್ಟು ತಿಂದ ಅನ್ನೋ ಕತೆ ಒಬ್ಬ ಫ್ರೆಂಚ್ ಪ್ರವಾಸಿಯ ಪುಸ್ತಕದಿಂದ ಹಬ್ಬಿದ್ದು. ಆತನ ಜೀವನಚರಿತ್ರೆ ಬರೆದ ಎನ್.ಎ.ಎಂ. ರಾಜರ್ ಪ್ರಕಾರ, ಕಡತಗಳ ಮುಂದೆ ಕೂತು ಕೆಲಸ ಮಾಡುತ್ತಲೇ ತಿಂದಿರುವ ಸಾಧ್ಯತೆ ಹೆಚ್ಚು. ನನಗೂ ಹಾಗೇ ಅನ್ಸುತ್ತೆ, ಬಹುಶಃ ನಾನೂ ಹಾಗೇ ತಿನ್ನೋದರಿಂದ. 1762ರಲ್ಲೇ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ತನ್ನ ದಿನಚರಿಯಲ್ಲಿ ಈ ತಿಂಡಿಯನ್ನ ಇದೇ ಹೆಸರಿನಿಂದ ಬರೆದಿದ್ದಾನೆ.

ಅದರ ಮುಂದಿನ ವರ್ಷ ನಡೆದದ್ದನ್ನ ತಿಂಡಿಯ ಕತೆ ಹೇಳುವವರು ಹೇಳಲ್ಲ.

1763ರ ಏಪ್ರಿಲ್‌ನಲ್ಲಿ ಜಾನ್ ವಿಲ್ಕ್ಸ್ ಎಂಬ ಸಂಸದ ತನ್ನ ನಾರ್ತ್ ಬ್ರಿಟನ್ ಪತ್ರಿಕೆಯ 45ನೇ ಸಂಚಿಕೆಯಲ್ಲಿ ರಾಜನ ಭಾಷಣವನ್ನ ಟೀಕಿಸಿದ. ಸರ್ಕಾರ ಯಾರ ಹೆಸರೂ ಇಲ್ಲದ ಜನರಲ್ ವಾರಂಟ್ ಹೊರಡಿಸಿ ಮುದ್ರಕರು, ಕೆಲಸಗಾರರು ಅಂತ ಹತ್ತಾರು ಜನರನ್ನ ಹಿಡಿಯಿತು. ವಿಲ್ಕ್ಸ್‌ನನ್ನ ಕೋರ್ಟ್ ಬಿಟ್ಟುಬಿಡ್ತು. ಲೇಖನಕ್ಕೆ ಶಿಕ್ಷೆ ಕೊಡಿಸೋದು ಕಷ್ಟ ಅಂತ ಗೊತ್ತಾದಾಗ ಸರ್ಕಾರ ಲೇಖಕನ ಖಾಸಗಿ ಬದುಕಿಗೆ ಕೈ ಹಾಕಿತು. ವಿಲ್ಕ್ಸ್ ಆಪ್ತರಿಗಷ್ಟೇ ಅಂತ ಗುಟ್ಟಾಗಿ ಅಚ್ಚು ಹಾಕಿಸುತ್ತಿದ್ದ ಅಶ್ಲೀಲ ಪದ್ಯವೊಂದರ ಪುಟಗಳನ್ನ, ಮುದ್ರಣಾಲಯದ ಕೆಲಸಗಾರನಿಗೆ ದುಡ್ಡು ಕೊಟ್ಟು ತರಿಸಿಕೊಂಡಿತು. ಇದನ್ನ ಎಲ್ಲೋ ಇತ್ತೀಚೆಗೆ ಕೇಳಿದ ಹಾಗಿದೆ ಅನ್ಸಿದ್ರೆ ತಪ್ಪು ನಿಮ್ಮದಲ್ಲ.

ನವೆಂಬರ್ 15ರಂದು ಆ ಪದ್ಯವನ್ನ ಮೇಲ್ಮನೆಯಲ್ಲಿ ಎಲ್ಲರೆದುರು ಓದಿದವನು ಆಗ ಮಂತ್ರಿಯಾಗಿದ್ದ ಸ್ಯಾಂಡ್‌ವಿಚ್. ಆತನೇನೂ ಸಂಭಾವಿತನಲ್ಲ. ಮೆಡ್ಮನ್‌ಹ್ಯಾಮ್‌ನ ಮೋಜಿನ ಕೂಟದಲ್ಲಿ ಇವನೂ ವಿಲ್ಕ್ಸೂ ಜೊತೆಗಾರರು! ಜನ ಸುಮ್ಮನಿರಲಿಲ್ಲ. ಬೆಗ್ಗರ್ಸ್ ಒಪೆರಾ ನಾಟಕದಲ್ಲಿ ಗೆಳೆಯನಿಗೆ ದ್ರೋಹ ಬಗೆಯುವ ಜೆಮ್ಮಿ ಟ್ವಿಚರ್‌ನ ಹೆಸರನ್ನೇ ಇವನಿಗಿಟ್ಟರು, ಸಾಯೋ ತನಕ ಅದು ಅಂಟಿಕೊಂಡಿತ್ತು. ವಿಲ್ಕ್ಸ್ ದೇಶ ಬಿಟ್ಟು ಓಡಿದ, ವಾಪಸ್ ಬಂದು ಜೈಲಿಗೆ ಹೋದ, ಮತದಾರರು ಗೆಲ್ಲಿಸಿದಾಗಲೆಲ್ಲ ಸಂಸತ್ತು ಹೊರಹಾಕಿತು. 1774ರಲ್ಲಿ ಅದೇ ಮನುಷ್ಯ ಲಂಡನ್‌ನ ಲಾರ್ಡ್ ಮೇಯರ್.

ಸ್ಯಾಂಡ್‌ವಿಚ್ ಬರೀ ಖಳನಾಯಕ ಅಂದ್ರೆ ಅದೂ ಸುಳ್ಳು. 1771ರಿಂದ 1782ರವರೆಗೆ ನೌಕಾದಳದ ಮಂತ್ರಿಯಾಗಿ ಮೈಮುರಿದು ದುಡಿದ. 1779ರ ಹೊತ್ತಿಗೆ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುವ ಕೆಲಸಕ್ಕೆ ಬೆನ್ನಿಗೆ ನಿಂತ. ಮರ ಕೊರೆಯೋ ಹುಳು, ಪಾಚಿ ಎರಡರ ಕಾಟವೂ ತಪ್ಪಿ ಹಡಗು ಚುರುಕಾಯ್ತು. ಆದರೆ ತಾಮ್ರ, ಕಬ್ಬಿಣದ ಬೋಲ್ಟು, ಉಪ್ಪುನೀರು ಸೇರಿದರೆ ಕಬ್ಬಿಣ ತಿಂದುಹೋಗುತ್ತೆ. ಗ್ಯಾಲ್ವನಿಕ್ ಕೊರೋಷನ್ ಅಂತ ನಾವು ಪರೀಕ್ಷೆಗೆ ಉರುಹೊಡೆದದ್ದು ಇದನ್ನೇ. ಅದೇ ವರ್ಷ ಏಪ್ರಿಲ್‌ನಲ್ಲಿ ಆತನ ಸಂಗಾತಿ, ಗಾಯಕಿ ಮಾರ್ತಾ ರೇಯನ್ನ ಕೋವೆಂಟ್ ಗಾರ್ಡನ್ ರಂಗಮಂದಿರದ ಹೊರಗೆ ಒಬ್ಬ ಪಾದ್ರಿ ಗುಂಡಿಟ್ಟು ಕೊಂದ. ಅಮೆರಿಕನ್ನರು ಹೇಡಿಗಳು ಅಂತ 1775ರಲ್ಲಿ ಮೇಲ್ಮನೆಯಲ್ಲಿ ಹೀಯಾಳಿಸಿದ್ದವನು, ಆ ಯುದ್ಧ ಸೋತ ಸರ್ಕಾರದ ಜೊತೆಗೇ 1782ರಲ್ಲಿ ಕುರ್ಚಿ ಬಿಟ್ಟ. ಹತ್ತು ವರ್ಷದ ನಂತರ ತೀರಿಕೊಂಡ.

1778ರಲ್ಲಿ ಕ್ಯಾಪ್ಟನ್ ಕುಕ್ ಪೆಸಿಫಿಕ್‌ನ ದ್ವೀಪಗಳಿಗೂ ಈ ಮಂತ್ರಿಯ ಹೆಸರಿಟ್ಟಿದ್ದ. ಅಲ್ಲಿನವರು ಅದನ್ನ ಉಳಿಸಿಕೊಳ್ಳಲಿಲ್ಲ. ನಾವೀಗ ಅವನ್ನ ಹವಾಯಿ ಅಂತೀವಿ.